ಲೈಮನ್ ಅತ್ತ ದೃಶ್ಯ

ಸಿನಿಮಾ ಮಂದಿರದವರು ಗಂಡ ಲೈಮನ್‌ನ ಶವಪೆಟ್ಟಿಗೆಯ ತಲೆದೆಸೆಗೆ ಇಟ್ಟುಹೋಗಿದ್ದ ಹೂವಿನ ಚಕ್ರವನ್ನು ಆರ್ಫಾ ಎತ್ತಿ ಬಾಗಿಲ ಹಿಂದಕ್ಕೆ ತಳ್ಳಿದಳು. ‘ನಮ್ಮೂರ ಕ್ಯಾಪ್ಟನ್‌ಗೆ’ ಎಂದು ಬರೆದಿದ್ದರು. ಲೈಮನ್ ಯಾವ ಯುದ್ಧಕ್ಕೂ ಹೋದವನಲ್ಲ. ಕುದುರೆಯ ಜೀನು ಹೊಲಿದು, ಮೋಟಾರು ಬಂದ ಮೇಲೆ ಅದರ ಸೀಟು ಹೊಲಿದು ಬದುಕಿದವನು. ಊರಿನ ನಾಟಕದಲ್ಲಿ ಕ್ಯಾಪ್ಟನ್ ಆಗಿದ್ದ. ನ್ಯೂಯಾರ್ಕಿನವರು ಬಂದು ಅದನ್ನೇ ಮೂಕಿ ಚಿತ್ರ ಮಾಡಿದಾಗ ವೇಷ ಅವನಿಗೇ ಸಿಕ್ಕಿತು. ನಾಯಕಿ ಮಾತ್ರ ಅವರ ಕಡೆಯವಳು.

ಪಕ್ಕದ ಮನೆಯ ಪ್ರೂಯಿಟ್ ಹೆಂಗಸು ಪೈ ತಟ್ಟೆ ಇಳಿಸಿ ಶುರುಮಾಡಿದಳು: “ಆ ಬೀಳ್ಕೊಡೋ ಸೀನಲ್ಲಿ ನಿಮ್ಮೋರು ಎಷ್ಟು ಅತ್ತರು! ಆ ಹುಡುಗಿ ಮೇಲೆ ನಿಜವಾಗ್ಲೂ ಮನಸ್ಸಿತ್ತು ಬಿಡಿ.”

ಸಾವಿನ ಮನೆಯಲ್ಲಾದರೂ ಬಾಯಿಗೆ ಬೀಗ ಬೇಡವೇ?

*

ಆ ಚಿತ್ರ ಬಂದಾಗ ಲೈಮನ್‌ನೊಡನೆ ಆರ್ಫಾಳ ಮದುವೆ ಗೊತ್ತಾಗಿತ್ತು. ತೆರೆಯ ಮೇಲೆ, ಕುದುರೆಯ ಲಗಾಮು ಹಿಡಿದು ನಿಂತ ಹುಡುಗಿಯೆದುರು ಲೈಮನ್ ಬಿಕ್ಕಿಬಿಕ್ಕಿ ಅಳುತ್ತಿದ್ದ. ಮಂದಿರವೆಲ್ಲ ಅತ್ತಿತು. ಅವನ ತಂಗಿ ಹೆಸ್ಟರ್ ಒಬ್ಬಳು ನಕ್ಕಳು. ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋದವಳು ಅವಳು. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ತನ್ನ ಪೆಚ್ಚು ಮೋರೆ ಕಂಡು ನಕ್ಕಳೆಂದುಕೊಂಡ ಆರ್ಫಾ ಅಂದಿನಿಂದ ನಾದಿನಿಯೊಡನೆ ಮಾತು ಕಡಿಮೆ ಮಾಡಿದಳು. ಗಂಡನನ್ನೂ ಕೇಳಲಿಲ್ಲ. ಒಳ್ಳೆಯವನೇ, ಆದರೆ ತನಗಾಗಿ ಒಮ್ಮೆಯೂ ಹಾಗೆ ಅತ್ತವನಲ್ಲ. ಎರಡನೆಯವಳಾಗಿಯೇ ಬಾಳಿದೆನಲ್ಲ ಎಂಬ ಸಂಕಟ ಹೋಗಲೇ ಇಲ್ಲ.

*

ಇಂದು ಕೇಳದಿದ್ದರೆ ಇನ್ನೆಂದೂ ಇಲ್ಲ. ಅಡುಗೆಮನೆಯಲ್ಲಿ ಹೆಸ್ಟರಳ ಭುಜ ಹಿಡಿದು ತನ್ನತ್ತ ತಿರುಗಿಸಿಕೊಂಡಳು. “ಅವತ್ತು ಸಿನಿಮಾ ನೋಡ್ತಾ ಯಾಕೆ ನಕ್ಕೆ?”

“ನಗದೆ ಏನ್ ಮಾಡ್ಲಿ ಅತ್ತಿಗೆ? ಊರೆಲ್ಲ ಪ್ರೀತಿ ಅಂತ ಅಳ್ತಿದೆ. ಅಣ್ಣನ ತುಟಿ ನೋಡಿದ್ರೆ, ‘ನಿನ್ನ ಕುದುರೆ ನನ್ನ ಕಾಲ್ಮೇಲೆ ನಿಂತಿದೆ ಕಣಮ್ಮ, ಹಿಂದಕ್ಕೆ ಎಳಿ, ಬೆರಳು ಹೋಯ್ತು’ ಅಂತಿದಾನೆ. ಕ್ಯಾಮೆರಾ ನಡೀತಿತ್ತಲ್ಲ, ಕದಲೋ ಹಾಗಿಲ್ಲ. ಅಣ್ಣ ನಿಮಗೆ ಹೇಳ್ಲಿಲ್ವಾ?”

“ನಾನು ಕೇಳ್ಲೇ ಇಲ್ಲ.”

ಎಡಗಾಲಿನ ಆ ಸೊಟ್ಟ ಹೆಬ್ಬೆರಳು! ಚಳಿಗಾಲ ಬಂತೆಂದರೆ ಬಿಸಿ ಬಟ್ಟೆ ಸುತ್ತಿ ನೀವಿದವಳು ತಾನೇ. ಕುದುರೆ ತುಳಿಯಿತು ಎಂದಿದ್ದ. ಯಾವ ಕುದುರೆ ಎಂದು ಯಾರು ವಿಚಾರಿಸುತ್ತಾರೆ? ಆರ್ಫಾ ನಕ್ಕಳು. ನಗುತ್ತಲೇ ಅಳು ಬಂತು. ಹೆಸ್ಟರ್ ಅವಳನ್ನು ತಬ್ಬಿಕೊಂಡಳು.

ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಆರ್ಫಾ ಕಾಲಿನ ಕಡೆಯ ಮುಚ್ಚಳವನ್ನು ಎತ್ತಲು ಹೇಳಿದಳು.

“ಕಾಲು ಯಾರಿಗೂ ಕಾಣಲ್ಲಮ್ಮ,” ಎಂದ ಪೆಟ್ಟಿಗೆಯವನು.

“ಗೊತ್ತು. ಎತ್ತಪ್ಪ.”

ಎಡಗಾಲಿನ ಹೊಸ ಬೂಟಿನ ಲಾಡಿ ಬಿಚ್ಚಿ, ಮೆಲ್ಲಗೆ ಜಗ್ಗಿ ತೆಗೆದಳು. ಹೆಗಲ ಮೇಲಿದ್ದ ಉಣ್ಣೆಯ ಶಾಲನ್ನು ಆ ಪಾದಕ್ಕೆ ಸುತ್ತಿದಳು. ಆಮೇಲೆ ಒಂಟಿ ಬೂಟನ್ನು ಕಂಕುಳಲ್ಲಿಟ್ಟುಕೊಂಡು, ನಾದಿನಿಯ ಕೈ ಹಿಡಿದು ಪೆಟ್ಟಿಗೆಯ ಹಿಂದೆ ನಡೆದಳು.