ಗೋದಾಮಿನ ಕಾರ್ಡು

ಹದಿನೇಳು ಎಂಬ ಸಂಖ್ಯೆಯನ್ನು ಆಗಲೇ ಕೊಟ್ಟಾಗಿತ್ತೇ, ಇಲ್ಲ ಕೊಡಬೇಕು ಎಂದುಕೊಂಡಷ್ಟೇ ಆಗಿತ್ತೇ?

ಕೌಂಟರಿನಡಿ ತಂತಿಗಳ ನಡುವೆ ತಮ್ಮ ಮಂಡಿಯೂರಿ ಕೂತಿದ್ದ. ಅಕ್ಕನ ಗುಂಡಿ-ದಾರದ ಸಗಟು ಮಳಿಗೆಗೆ ಎಂಟು ಹೊಸ ಕಂಪ್ಯೂಟರ್ ಬಂದಿದ್ದವು. ಪ್ರತಿಯೊಂದರ ನೆಟ್‌ವರ್ಕ್ ಕಾರ್ಡಿಗೂ ಬೇರೆ ಬೇರೆ ಸಂಖ್ಯೆ ಕೊಡುವುದು ಅವನ ಕೆಲಸ. ಆ ಸಂಖ್ಯೆಯೇ ಅದರ ವಿಳಾಸ. ಮೂರು ದಿನದಿಂದ ಕೌಂಟರಿನದು ಮಾತ್ರ ಆಗಾಗ ಉಳಿದವುಗಳ ಜೊತೆ ಮಾತು ಬಿಡುತ್ತಿತ್ತು.

"ಗೋದಾಮು ನೋಡ್ಕೊಳ್ಳೋ ದೊಡ್ಡಪ್ಪ ಅಲ್ಲಿನ ಕಂಪ್ಯೂಟರ್ ಆನ್ ಮಾಡಿದ್ರೆ ಸಾಕು, ನನ್ನದು ಬಾಯಿ ಮುಚ್ಕೊಳ್ಳುತ್ತೆ," ಎಂದಳು ಅಕ್ಕ. "ಅದಕ್ಕೂ ವಿಶ್ರಾಂತಿ ಬೇಕು ಅಂತ ಊಟದ ಹೊತ್ತಿಗೆ ಆಫ್ ಮಾಡ್ತಾರಲ್ಲ, ಆಗ ನನ್ನದು ಸಲೀಸಾಗಿ ನಡೆಯುತ್ತೆ. ಏನೋ ಒತ್ತಿ ಕೆಡಿಸ್ತಿದಾರೆ. ನಾಳೆಯಿಂದ ಮನೇಲೇ ಇರಿ ಅಂತ ಅವರಿಗೆ ಹೇಳಿಬಿಟ್ಟೆ."

ಗೋದಾಮಿನಲ್ಲಿ ಮೇಲಿನ ಕಿಂಡಿಯಿಂದ ಇಳಿದ ಬೆಳಕಿನಲ್ಲಿ ಧೂಳು ಈಜುತ್ತಿತ್ತು. ನೂರಾರು ಪುಟ್ಟ ಖಾನೆಗಳ ನಡುವೆ ದೊಡ್ಡಪ್ಪ ಸ್ಟೂಲಿನ ಮೇಲೆ ಕೂತಿದ್ದರು.

"ನೋಡಪ್ಪ, ಆನ್ ಮಾಡಿದ್ದಷ್ಟೆ. ಆಮೇಲೆ ಕೈ ಕಟ್ಕೊಂಡೇ ಕೂತಿದೀನಿ. ಕೆಮ್ಮಿದ್ರೂ ಆ ಕಡೆ ತಿರುಗಿ ಕೆಮ್ತೀನಿ."

ತಮ್ಮ ನಕ್ಕು ಪರದೆಯ ಮುಂದೆ ಕೂತ. ಹದಿನೇಳು. ಕೌಂಟರಿನದೂ ಹದಿನೇಳೇ.

ಸಂಖ್ಯೆ ಕೊಟ್ಟ ದಿನ ನೆನಪಾಯಿತು. ಕೌಂಟರಿನದನ್ನು ಮುಗಿಸಿ, ಆಫ್ ಮಾಡಿ, ಅವನು ಇಲ್ಲಿಗೆ ಬಂದಿದ್ದ. ದೊಡ್ಡಪ್ಪ ಒಂದು ಗುಂಡಿ ಕೊಟ್ಟು, "ಕೆನ್ನೆಗಿಟ್ಕೊ. ಚಿಪ್ಪಿನದಾದ್ರೆ ತಣ್ಣಗಿರುತ್ತೆ, ಪ್ಲಾಸ್ಟಿಕ್ ಆದ್ರೆ ಇಲ್ಲ," ಎಂದಿದ್ದರು. ತಣ್ಣಗಿತ್ತು. ನೀರಿನಡಿ ಕೂತಂತೆ ಕಣ್ಣು ಅರೆಮುಚ್ಚಿತ್ತು. ಬೆರಳುಗಳು ತಾವಾಗಿಯೇ ಮತ್ತೆ ಹದಿನೇಳನ್ನೇ ಒತ್ತಿದ್ದವು. ಅಂದಿನಿಂದ ಒಂದೇ ವಿಳಾಸಕ್ಕೆ ಎರಡು ಯಂತ್ರಗಳು ಓಗೊಡುತ್ತಿದ್ದವು.

ಏಳನ್ನು ಅಳಿಸಿ ಎಂಟು ಒತ್ತಿದ. ಕಣ್ಣು ಮಿಟುಕಿಸುವಷ್ಟರ ಕೆಲಸ. ಕಾರ್ಡಿನ ಹಸಿರು ದೀಪ ಮೊದಲಿನಂತೆಯೇ ಮಿನುಗುತ್ತಿತ್ತು.

"ಬಂತು, ಬಂತು," ಅಕ್ಕ ಕೌಂಟರಿನಿಂದ ಕೂಗಿದಳು. "ಅವರು ಕೈ ತೆಗೆದ್ರು, ಸರಿಹೋಯ್ತು. ನಾನು ಹೇಳ್ಲಿಲ್ವಾ?"

ತಮ್ಮ ಬಾಯಿ ತೆರೆದ.

ದೊಡ್ಡಪ್ಪ ಎದ್ದು ಜೇಬಿನಿಂದ ಗೋದಾಮಿನ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟರು. "ನನ್ನ ಕೈಗುಣ ಕಣಪ್ಪ. ಈ ಹೊಸದಕ್ಕೆ ಆಗಿಬರ್ಲಿಲ್ಲ. ಅಕ್ಕನಿಗೆ ಕೊಟ್ಬಿಡು."

ಖಾನೆಗಳ ಮೇಲೆ ಬೆರಳಾಡಿಸುತ್ತ, ಅವಸರವಿಲ್ಲದೆ, ಅವರು ಬಾಗಿಲ ಕಡೆ ನಡೆದರು.

ಎರಡು ಕಾರ್ಡಿಗೂ ಒಂದೇ ಸಂಖ್ಯೆ ಕೊಟ್ಟದ್ದು ತಾನು ಎಂದು ತಮ್ಮ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.