ಅಮ್ಮನ ಸ್ಕೂಟರು ಜೋರಾದದ್ದು

ನಮ್ಮಪ್ಪ ಚೌಡಪ್ಪನಿಗೆ ಯಾವ ವಸ್ತುವನ್ನೂ ಅದರ ಪಾಡಿಗೆ ಬಿಟ್ಟು ಗೊತ್ತಿರಲಿಲ್ಲ. ಬಾಗಿಲಿನ ಚಿಲಕ, ಕುಕ್ಕರಿನ ಹಿಡಿ, ನನ್ನ ಕಂಪಾಸ್ ಬಾಕ್ಸು, ಎಲ್ಲದಕ್ಕೂ ಅವನ ಕೈ ಒಮ್ಮೆ ತಗಲಲೇಬೇಕು. ಕೆಲವು ಸುಧಾರಿಸಿದವು, ಉಳಿದವು ಗುಜರಿಗೆ ಹೋದವು. ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ಅರ್ಧ ಆಯಸ್ಸು ಕಳೆದವನು ಅವನು. ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ಜನ್ನಾಪುರದ ನಮ್ಮ ಮನೆಯ ಜಗಲಿಯಲ್ಲಿ ಬಂದು ಕೂತ ಮೇಲೆ, ಸುಧಾರಿಸಲು ಉಳಿದಿದ್ದು ಎರಡೇ. ಒಂದು ಅಮ್ಮ, ಇನ್ನೊಂದು ಅಮ್ಮನ ಸ್ಕೂಟರು. ಅಮ್ಮ ಬಗ್ಗುವ ಪೈಕಿ ಅಲ್ಲ.

ಹಾಗಂತ ಅವನು ಕೂತ ಕೂಡಲೇ ಸ್ಪ್ಯಾನರ್ ಹಿಡಿಯಲಿಲ್ಲ. ಮೊದಲ ಕೆಲವು ತಿಂಗಳು ಏನನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದಾಗ ಎದ್ದು ಕೂರುತ್ತಿದ್ದ, ಮತ್ತೆ ಮಲಗುತ್ತಿದ್ದ. ಗಡ್ಡ ಬೆಳೆದರೂ ಕೇಳುವವರಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಕರೆಯದಿದ್ದರೆ ಇಲ್ಲ.

ಅಮ್ಮನನ್ನು ಊರಿನಲ್ಲಿ ಮಗುವಿಗೆ ನೀರು ಹಾಕುವ ಕಾಳಮ್ಮ ಎಂದರೆ ಎಲ್ಲರಿಗೂ ಗೊತ್ತು. ಹೆರಿಗೆಯಾದ ಮನೆಗಳಿಗೆ ಬೆಳಿಗ್ಗೆ ಹೋಗುವುದು, ಬಾಣಂತಿಗೆ ಎಣ್ಣೆ ತಿಕ್ಕಿ ಸುಡುಸುಡು ನೀರು ಹಾಕುವುದು, ಆಮೇಲೆ ಮಗುವಿನ ಸರದಿ. ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿನ ತನಕ ಎತ್ತಿಕೊಂಡು, ಎರಡೂ ಕಾಲು ನೀಡಿ, ಆ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಳ್ಳುತ್ತಿದ್ದಳು. ಕೈ ಉಜ್ಜುವ ಕೆಲಸ ಮಾಡುತ್ತದೆ, ಹಿಡಿಯುವುದು ಕಾಲು ಎನ್ನುತ್ತಿದ್ದಳು. ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕಿದರೆ ಎಂಥ ರಗಳೆಯ ಕೂಸೂ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಆ ನಿದ್ದೆಗೇ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದುದು.

ಮನೆಯಿಂದ ಮನೆಗೆ ಓಡಾಡಲು ಅವಳಿಗೊಂದು ಪುಟ್ಟ ಸ್ಕೂಟರಿತ್ತು. ಗೇರಿಲ್ಲ, ತೂಕವಿಲ್ಲ, ಹೊಲಿಗೆ ಮೆಷಿನ್ನಿನಷ್ಟೇ ಸದ್ದು. ಏರು ಬಂದರೆ ಏದುಸಿರು ಬಿಡುತ್ತಿತ್ತು. ಸೈಕಲ್ಲಿನ ಹುಡುಗರು ಅದನ್ನು ಹಿಂದೆ ಹಾಕಿ ಹಲ್ಲು ಕಿರಿಯುತ್ತಿದ್ದರು. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಮುಂದೆ ಎಣ್ಣೆ ಬಾಟಲಿನ ಚೀಲ ಇಟ್ಟುಕೊಂಡು, ಯಾರ ಗೊಡವೆಯೂ ಇಲ್ಲದೆ ಹೋಗುತ್ತಿದ್ದಳು.

ನನ್ನನ್ನು ಕೊಟ್ಟಿದ್ದು ಶಿವಮೊಗ್ಗಕ್ಕೆ. ಅಲ್ಲಿ ನಮ್ಮ ಬೀದಿಯಲ್ಲೇ ಜವಳಿ ವ್ಯಾಪಾರಿಯ ಹೆಂಡತಿ ಮಹಾಂತಮ್ಮ ಎಂಬವರಿದ್ದರು. ಅವರ ಸೊಸೆಗೆ ಮಗುವಾದಾಗ, "ನಿಮ್ಮಮ್ಮನ್ನೇ ಕಳಿಸಮ್ಮ ಸಂಧ್ಯಾ, ಬೇರೆಯವರ ಕೈಗೆ ಕೂಸು ಕೊಡೋಕೆ ನಂಗೆ ಧೈರ್ಯ ಇಲ್ಲ" ಎಂದರು. ಅಮ್ಮನಿಗೆ ಹಿಗ್ಗೋ ಹಿಗ್ಗು. ಆದರೆ ಜನ್ನಾಪುರದ ಮನೆಗಳನ್ನು ಮುಗಿಸಿ, ಬಸ್ಸು ಬದಲಾಯಿಸಿ ಶಿವಮೊಗ್ಗ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು. ಸ್ಕೂಟರಿನಲ್ಲಿ ಹೋದರೆ ಲಾರಿಗಳ ನಡುವೆ ತೆವಳಬೇಕು.

"ಗಾಡಿಗೆ ಜೀವ ಇಲ್ಲ ಮಾರಾಯ್ತಿ. ನಾನು ಅದಕ್ಕೆ ಜೀವ ತುಂಬ್ತೀನಿ ನೋಡ್ತಿರು" ಎಂದ ಅಪ್ಪ. ಅಷ್ಟು ದಿನಗಳಲ್ಲಿ ಅವನಾಗಿಯೇ ಆಡಿದ ಮೊದಲ ಉದ್ದದ ಮಾತು ಅದು.

ಆ ಭಾನುವಾರ ನಾನೂ ಜನ್ನಾಪುರದಲ್ಲಿದ್ದೆ. ಅಪ್ಪ ಜಗಲಿಯ ಮೇಲೆ ಗೋಣಿಚೀಲ ಹಾಸಿ, ಸೀಮೆಎಣ್ಣೆಯ ತಟ್ಟೆಯಲ್ಲಿ ಬಿಡಿಭಾಗಗಳನ್ನು ನೆನೆಹಾಕಿ ಕೂತಿದ್ದ. ಗಡ್ಡ ಹೋಗಿತ್ತು. ಸೈಲೆನ್ಸರ್ ಒಳಗಿನ ತೂತಿನ ಕೊಳವೆಯನ್ನು ಕತ್ತರಿಸಿ ತೆಗೆದು, "ಇದೇ ನೋಡು ಉಸಿರು ಕಟ್ಟಿಸ್ತಿದ್ದಿದ್ದು" ಎಂದು ನನಗೆ ತೋರಿಸಿದ. ಇಂಜಿನ್ನಿನ ತಲೆಯನ್ನು ರಾಮಯ್ಯನ ಲೇತ್ ಅಂಗಡಿಗೆ ಒಯ್ದು, ರಾಮಯ್ಯನನ್ನು ಪಕ್ಕಕ್ಕೆ ಸರಿಸಿ, ತಾನೇ ನಿಂತು ಕೂದಲೆಳೆಯಷ್ಟು ತುರಿದು ತಂದ. ಹಾಗೆ ತುರಿದರೆ ಒಳಗಿನ ಒತ್ತಡ ಹೆಚ್ಚುತ್ತದೆ, ಗಾಡಿ ಎಗರುತ್ತದೆ. ಕಿಡಿ ಹಾರುವ ಹೊತ್ತನ್ನೂ ಸ್ವಲ್ಪ ಮುಂದಕ್ಕೆ ತಂದ. ಇದನ್ನೆಲ್ಲ ಹೇಳುವಾಗ ಅವನ ಮುಖ ನೋಡಬೇಕಿತ್ತು. ನನ್ನ ಮದುವೆಯಲ್ಲೂ ಅಷ್ಟು ಖುಷಿಯಲ್ಲಿ ಇರಲಿಲ್ಲ ಮನುಷ್ಯ.

ಸಂಜೆ ಶಿವಮೊಗ್ಗ ರಸ್ತೆಯಲ್ಲಿ ಓಡಿಸಿ ನೋಡಿ ಬಂದ. ಅವನು ಬರುತ್ತಿರುವುದು ಬೀದಿಯ ಆಚೆ ತುದಿಯಿಂದಲೇ ಕೇಳಿಸಿತು. ಅಂಗಳದಲ್ಲಿದ್ದ ಕೋಳಿಗಳು ಚೆಲ್ಲಾಪಿಲ್ಲಿಯಾದವು.

"ಬಸ್ಸನ್ನೇ ಹಿಂದೆ ಹಾಕ್ದೆ ಕಣೇ! ಹೆಂಗಿದೆ?" ಎಂದು ಇಳಿಯುವ ಮೊದಲೇ ಕೂಗಿದ.

ಅಮ್ಮ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. "ಚೆನ್ನಾಗಾಗಿದೆ" ಎಂದಳು.

ತೊಂದರೆ ಮೊದಲು ಕಂಡಿದ್ದು ಮಹಾಂತಮ್ಮನವರ ಮನೆಯಲ್ಲಿ. ಅಮ್ಮ ಕೂಸನ್ನು ಮಲಗಿಸಿ, ತೊಟ್ಟಿಲಿಗೆ ಪರದೆ ಎಳೆದು, ಹೊರಗೆ ಬಂದು ಗಾಡಿಗೆ ಒಂದು ಕಿಕ್ ಕೊಟ್ಟಿದ್ದಾಳೆ. ಒಳಗೆ ಕೂಸು ಬೆಚ್ಚಿಬಿದ್ದು ಕಿಟಾರನೆ ಕಿರುಚಿತಂತೆ. ಎರಡು ಕಂಬಳಿ ಹೊದ್ದು ಬೆವರುತ್ತಿದ್ದ ಬಾಣಂತಿ ಎದ್ದು ಕೂತಳಂತೆ. ಮರುದಿನವೂ ಅದೇ ಕಥೆ. ಮಗುವಿಗೆ ನೀರು ಹಾಕಿ ಮಲಗಿಸುವವಳೇ ಎಬ್ಬಿಸಿ ಹೋಗುವುದೆಂದರೆ ಯಾರು ತಾನೇ ಸಹಿಸುತ್ತಾರೆ? ಮಹಾಂತಮ್ಮ ಒಳ್ಳೆಯವರು, ಅಮ್ಮನಿಗೆ ಏನೂ ಅನ್ನಲಿಲ್ಲ. ನಾನು ತರಕಾರಿ ತರಲು ಹೋದಾಗ ನನ್ನ ಹತ್ತಿರ ಹೇಳಿದರು.

"ನಿಮ್ಮಮ್ಮ ಈಗ ಗಾಡೀನ ತಿರುವಿನ ತನಕ ತಳ್ಕೊಂಡು ಹೋಗ್ತಾರಮ್ಮ. ನಂಗೆ ನೋಡೋಕಾಗಲ್ಲ. ನಿಮ್ಮಪ್ಪನಿಗೆ ಸ್ವಲ್ಪ ಹೇಳಬಾರದಾ?"

ಜನ್ನಾಪುರದಲ್ಲಿ ಎಲ್ಲರೂ ಅಷ್ಟು ಒಳ್ಳೆಯವರಲ್ಲ. ಎರಡು ಮೂರು ಮನೆಯವರು, ನಾಳೆಯಿಂದ ಪ್ರೇಮಮ್ಮನನ್ನು ಕರೆಯುತ್ತೇವೆ ಎಂದು ಮುಖಕ್ಕೇ ಹೇಳಿದ್ದರು. ಪ್ರೇಮಮ್ಮ ಅಮ್ಮನಿಂದಲೇ ಕೆಲಸ ಕಲಿತವಳು, ನಡೆದೇ ಹೋಗುವವಳು. ಮನೆಗಳು ಯಾಕೆ ಕಡಿಮೆಯಾದವು ಎಂದು ಅಪ್ಪ ಕೇಳಿದರೆ, "ಆ ಮಕ್ಕಳು ದೊಡ್ಡವಾದ್ವು, ಇನ್ನು ಮನೆಯೋರೇ ನೀರು ಹಾಕ್ಕೊಳ್ತಾರೆ" ಎಂದು ಅಮ್ಮ ಸುಳ್ಳು ಹೇಳುತ್ತಿದ್ದಳು. ಮನೆಗಳು ಕಡಿಮೆಯಾದರೂ ಅವಳು ವಾಪಸ್ ಬರುವುದು ತಡವಾಗುತ್ತಿತ್ತು. ಪ್ರತಿ ಮನೆಯಿಂದ ತಿರುವಿನ ತನಕ ಗಾಡಿ ತಳ್ಳಬೇಕಲ್ಲ. ಅಪ್ಪನಿಗೆ ಅದು ಬೇರೆಯೇ ರೀತಿಯಲ್ಲಿ ಅರ್ಥವಾಯಿತು. "ಪಿಕಪ್ ಇನ್ನೂ ಸಾಲ್ದು" ಎಂದು ಮತ್ತೆ ಗೋಣಿಚೀಲ ಹಾಸಿದ. ಇಂಜಿನ್ನಿನ ತಲೆಯನ್ನು ಇನ್ನೂ ಕೂದಲೆಳೆಯಷ್ಟು ತುರಿದ. ಕಿಕ್ಕು ಕಲ್ಲಿನಂತೆ ಗಟ್ಟಿಯಾಯಿತು, ತುಳಿದರೆ ಕಾಲನ್ನೇ ಹಿಂದಕ್ಕೆ ತಳ್ಳುತ್ತಿತ್ತು.

ನಾನು ಅಮ್ಮನ ಮೇಲೆ ರೇಗಿದೆ. "ಬಾಯಿಲ್ವಾ ನಿಂಗೆ? ಊರೋರಿಗೆಲ್ಲಾ ಬುದ್ಧಿ ಹೇಳ್ತೀಯ, ಮನೇಲಿ ಹೇಳೋಕಾಗಲ್ವಾ?"

"ನಿಮ್ಮಪ್ಪನಿಗೆ ಹೇಳ್ಬೇಡ. ನನ್ನಾಣೆ" ಎಂದಳು. ಯಾಕೆ ಎಂದು ಕೇಳಿದರೆ ಎದ್ದು ಒಳಗೆ ಹೋದಳು.

ನಾನೂ ಹೇಳಲಿಲ್ಲ. ಇಬ್ಬರೂ ಹಟಮಾರಿಗಳು, ಏನಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಾದೆ. ಹೊಟ್ಟೆಯಲ್ಲಿ ನನ್ನದೇ ಕೂಸಿತ್ತು, ನನಗೆ ನನ್ನದೇ ಚಿಂತೆ. ಏಳು ತುಂಬಿದ ಮೇಲೆ ಬಾಣಂತನಕ್ಕೆಂದು ಜನ್ನಾಪುರಕ್ಕೆ ಬಂದೆ. ಅಮ್ಮ ಆಗಲೇ ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು ಒಗೆದಿಟ್ಟಿದ್ದಳು, ಎಣ್ಣೆಗೆ ಬೇರು ಹಾಕಿ ಕಾಯಿಸಿದ್ದಳು. "ಊರಿನ ಮಕ್ಕಳಿಗೆಲ್ಲಾ ನೀರು ಹಾಕಿದ್ದು ಅಭ್ಯಾಸಕ್ಕೆ ಕಣೇ. ನಿನ್ನ ಮಗೂಗೆ ಹಾಕೋದೇ ಪರೀಕ್ಷೆ" ಎಂದು ನನ್ನ ಹೊಟ್ಟೆ ಸವರುತ್ತಿದ್ದಳು. ಅವಳು ಯಾವುದಕ್ಕೂ ಅಷ್ಟು ಆಸೆಪಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಪಕ್ಕದ ಮನೆಯಲ್ಲೂ ಆಗ ಎಳೆಗೂಸಿತ್ತು. ಹಾಗಾಗಿ ಅಮ್ಮ ನಮ್ಮ ಬಾಗಿಲಲ್ಲೂ ಗಾಡಿ ಶುರು ಮಾಡುತ್ತಿರಲಿಲ್ಲ. ಅಪ್ಪ ಬಚ್ಚಲಿಗೆ ಹೋದ ಹೊತ್ತು ನೋಡಿ ತಳ್ಳಿಕೊಂಡು ಹೋಗುತ್ತಿದ್ದಳು. ಅವತ್ತೂ ಹಾಗೇ ಹೋದಳು. ಸ್ವಲ್ಪ ಹೊತ್ತಿಗೆ ತಿರುವಿನ ಕಡೆಯಿಂದ ಕೂಗು ಕೇಳಿಸಿತು. ನಾನು ಹೊಟ್ಟೆ ಹಿಡಿದುಕೊಂಡು ಹೋಗುವಷ್ಟರಲ್ಲಿ ಜನ ಸೇರಿದ್ದರು. ಕಿಕ್ಕು ತುಳಿದಾಗ ಇಂಜಿನ್ನು ತಿರುಗಿಸಿ ಹೊಡೆದಿತ್ತು. ಕಿಕ್ಕಿನ ಕಬ್ಬಿಣದ ಸನ್ನೆ ಮೊಣಕಾಲಿನ ಕೆಳಗೆ ಬಡಿದು, ಅಮ್ಮ ಬಿದ್ದು, ಗಾಡಿ ಅದೇ ಕಾಲಿನ ಮೇಲೆ ಬಿದ್ದಿತ್ತು.

ಅಪ್ಪ ಒದ್ದೆ ಮೈಯಲ್ಲೇ ಓಡಿ ಬಂದ. ಗಾಡಿಯನ್ನು ಎತ್ತಿ ಆಚೆ ಎಸೆದಂತೆ ತಳ್ಳಿ, "ಇಲ್ಲಿಗ್ಯಾಕೆ ತಳ್ಕೊಂಡ್ ಬಂದೆ?" ಎಂದ.

"ಸ್ಟಾರ್ಟ್ ಆಗ್ಲಿಲ್ಲ, ಅದಕ್ಕೆ" ಎಂದಳು ಅಮ್ಮ. ಆ ನೋವಿನಲ್ಲೂ ಅವಳಿಗೆ ಸುಳ್ಳು ಸಿಕ್ಕಿತು.

ಮೂಳೆ ಎರಡು ಕಡೆ ಮುರಿದಿತ್ತು. ಪಟ್ಟಿ ಬಿಚ್ಚಿದ ಮೇಲೆ ಕೋಲು ಹಿಡಿದು ನಡೆಯುವುದಕ್ಕೇನೋ ಆಯಿತು. ಆದರೆ ಮೊಣಕಾಲು ಪೂರ್ತಿ ಮಡಚುವುದಿಲ್ಲ, ಪೂರ್ತಿ ನೀಡಲೂ ಬರುವುದಿಲ್ಲ. ಇನ್ನು ನೆಲದ ಮೇಲೆ ಕೂರುವುದು ಬೇಡ, ಆ ಕಾಲಿನ ಮೇಲೆ ಏನನ್ನೂ ಹೊರುವುದು ಬೇಡ ಎಂದರು ಡಾಕ್ಟರು. ಅಪ್ಪ ಮಾತ್ರ ಸ್ಕೂಟರನ್ನು ಪೂರ್ತಿ ಬಿಚ್ಚಿ ಹರಡಿಕೊಂಡು, ಯಾಕೆ ಸ್ಟಾರ್ಟ್ ಆಗಲಿಲ್ಲ ಎಂದು ದಿನಗಟ್ಟಲೆ ಹುಡುಕಿದ. ಇಲ್ಲದ ದೋಷ ಎಲ್ಲಿಂದ ಸಿಗಬೇಕು? ನನಗೆ ಅವನನ್ನು ನೋಡಿದರೆ ಸಿಟ್ಟು ಬರುತ್ತಿತ್ತು, ನೋಡುತ್ತ ಕೂತರೆ ಅಳು ಬರುತ್ತಿತ್ತು.

ನನಗೆ ಹೆಣ್ಣು ಮಗುವಾಯಿತು. ನೀರು ಹಾಕಲು ಪ್ರೇಮಮ್ಮನನ್ನು ಕರೆಸಿದೆವು. ಹೇಳಿ ಕಳಿಸಿದವಳು ಅಮ್ಮನೇ. ನನಗೆ ಹಾಕಿ ಮುಗಿಸಿ ಮಂಚದ ಮೇಲೆ ಮಲಗಿಸಿ, ಪ್ರೇಮಮ್ಮ ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಬಚ್ಚಲ ಎದುರಿನ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಪ್ರೇಮಮ್ಮ ಒಳಗೆ ಹೋದ ಮೇಲೆ ಅಪ್ಪನೂ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತ. ಮಂಚದಿಂದ ನನಗೆ ಇಬ್ಬರೂ ಕಾಣುತ್ತಿದ್ದರು.

"ಕತ್ತಿನ ಹತ್ರ ಸಡಿಲ ಬಿಡ್ಬೇಡ ಪ್ರೇಮಾ" ಎಂದು ಅಮ್ಮ ಕೂತಲ್ಲಿಂದಲೇ ಹೇಳುತ್ತಿದ್ದಳು.

"ಗೊತ್ತಕ್ಕಾ, ನೀನೇ ಕಲಿಸಿದ್ದು" ಎಂದಳು ಪ್ರೇಮಮ್ಮ ಒಳಗಿನಿಂದ. ಆಮೇಲೆ ನಗುತ್ತ, "ಈ ಕೂಸು ಪುಣ್ಯ ಮಾಡಿದೆ. ಆ ಗಾಡಿ ಸದ್ದು ಇದ್ದಿದ್ರೆ ಇದೂ ಬೆಚ್ಚಿ ಬೀಳ್ತಿತ್ತು. ನಿನ್ನ ಎಷ್ಟು ಮನೆ ನಂಗೆ ಬಂದ್ವು ಹೇಳು ಅದರ ದೆಸೆಯಿಂದ! ತಿರುವಿನ ತನಕ ತಳ್ಳಿ ತಳ್ಳಿ ಸಾಕಾಗಿ ಹೋಗಿದ್ದೆ ನೀನು" ಎಂದಳು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಪ್ಪ ಅಲ್ಲಿ ಕೂತಿರುವುದು ಅವಳಿಗೆ ಗೊತ್ತೇ ಇರಲಿಲ್ಲ.

ಅಪ್ಪ ಅಮ್ಮನ ಕಡೆ ತಿರುಗಿದ.

"ಅವತ್ತು ಸ್ಟಾರ್ಟ್ ಆಗಿರ್ಲಿಲ್ಲ ಅಂದ್ಯಲ್ಲ?"

ಅಮ್ಮ ಸೆರಗಿನ ಅಂಚನ್ನು ಮೊಣಕಾಲಿನ ಮೇಲೆ ಎಳೆದುಕೊಂಡಳು.

"ಒಂದ್ ಮಾತು ಹೇಳಬಾರ್ದಿತ್ತಾ ಮಾರಾಯ್ತಿ? ಎಲ್ಲಾ ಹಳೇ ಥರ ಮಾಡ್ಕೊಡೋದು ನಂಗೆ ಅರ್ಧ ದಿನದ ಕೆಲ್ಸ. ಒಂದೇ ಒಂದ್ ಮಾತು."

"ಹೇಳಬಹುದಿತ್ತು" ಎಂದಳು ಅಮ್ಮ. "ಫ್ಯಾಕ್ಟ್ರಿ ಬಿಟ್ಟು ಬಂದ್ಮೇಲೆ ನೀವು ಬೆಳಿಗ್ಗೆ ಎದ್ದು, ಗಡ್ಡ ತೆಗೆದು, ನಗ್ತಾ ಕೂತಿದ್ದು ಆ ಗಾಡಿ ಮುಟ್ಟಿದ್ಮೇಲೇನೇ. ಅದು ಸರಿ ಇಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಒಳಗಿನಿಂದ ಪ್ರೇಮಮ್ಮ ಟವೆಲ್ ಕೇಳಿದಳು. ಅಮ್ಮ ಅಭ್ಯಾಸಬಲದಿಂದ ಏಳಲು ಹೋಗಿ, ಆಗದೆ, ಕುರ್ಚಿಯ ಕೈ ಹಿಡಿದುಕೊಂಡಳು. "ನೀವೇ ಕೊಡಿ, ಮಗೂಗೆ ಥಂಡಿ ಆಗುತ್ತೆ" ಎಂದಳು.

ಅಪ್ಪ ಎದ್ದು ಬಾಗಿಲ ಸಂದಿಯಿಂದ ಟವೆಲ್ ಕೊಟ್ಟ. ತಿರುಗಿ ಬರಲಿಲ್ಲ. ಅಲ್ಲೇ ಗೋಡೆಗೆ ಮುಖ ಮಾಡಿ ನಿಂತ. ಅವನ ಹೆಗಲು ಅಲುಗುತ್ತಿತ್ತು.

"ಬನ್ನಿ ಇತ್ತ" ಎಂದು ಅಮ್ಮ ಮೆಲ್ಲಗೆ ಕರೆದಳು. ಅವನು ಬರಲಿಲ್ಲ. ಇನ್ನೊಮ್ಮೆ ಕರೆದಳು. ನಾಲ್ಕು ಹೆಜ್ಜೆಯ ದೂರವೂ ಇರಲಿಲ್ಲ, ಆದರೆ ಎದ್ದು ಅವನ ಹತ್ತಿರ ಹೋಗಲು ಅವಳಿಂದ ಆಗಲಿಲ್ಲ.