ಪಂಚಮಿಗೆ ಬಂದ ಸಿಕಂದರ

೧೯೩೭ರ ಪಂಚಮಿಗೆ ಮಗಳು ಹಾಲವ್ವನನ್ನು ತವರಿಗೆ ಕರೆದೊಯ್ಯಲು ಹಾನಗಲ್ಲಿನ ಪರಮೇಶಪ್ಪ ಸವಣೂರಿಗೆ ಬಂದರು. ಅವಳ ಮಾವ ದ್ಯಾಮಪ್ಪ ಕಳಿಸಲು ಒಪ್ಪಲಿಲ್ಲ. ಬೀಗರಿಬ್ಬರಿಗೂ ಹಳೆಯ ದೊರೆಗಳ ಹುಚ್ಚು. ಯಾರ ದೊರೆ ದೊಡ್ಡವನೋ ಅವರ ಮಾತು ನಡೆಯಬೇಕೆಂದು ಠರಾವಾಯಿತು. ಪರಮೇಶಪ್ಪ ಧಾರವಾಡದಲ್ಲಿ ಇಂಗ್ಲಿಷ್ ಓದಿದವರು. ದ್ಯಾಮಪ್ಪ ನವಾಬರ ಊರಿನಲ್ಲಿ ಉರ್ದು ಕಥೆ ಕೇಳಿ ಬೆಳೆದವರು.

“ನಿಮ್ಮ ಸಿಕಂದರ ನಮ್ಮ ಅಲೆಕ್ಸಾಂಡರನ ಕುದರಿಗೆ ಹುಲ್ಲು ಹಾಕಾಕೂ ಲಾಯಕ್ಕಿಲ್ರಿ, ಬೀಗರ!”

“ಸಿಕಂದರ ಪೋರಸನ್ನ ಸೋಲಿಸಿದಾಂವ. ನಿಮ್ಮಾಂವ ಏನ್ ಮಾಡ್ಯಾನ್ರಿ?”

“ನಮ್ಮಾಂವನೂ ಪೋರಸನ್ನ ಸೋಲಿಸ್ಯಾನ!”

“ಮೊದಲ ಸೋತಾಂವನ್ನ ಸೋಲಿಸೂದು ಏನ್ ದೊಡ್ಡಸ್ತನರಿ?”

ಎರಡೂ ಮನೆಯ ಕಥೆ ಕೇಳಿದ್ದ ಹಾಲವ್ವ ಬಾಗಿಲಲ್ಲೇ ನಕ್ಕಳು.

“ಮಾವಾರ, ಇಬ್ಬರೂ ಒಬ್ಬನ ರೀ. ದಂಡಿನವರು ಊರಿಗೆ ಹೋಗ್ತೇವಿ ಅಂದಾಗ ಜಗತ್ತು ಗೆಲ್ಲೂದು ಬಿಟ್ಟು ಹೊಳ್ಳಿದಾಂವ. ಅಂಥಾ ಹಟಮಾರೀನೂ ಅವರನ್ನ ಊರಿಗೆ ಬಿಟ್ಟಾನ. ನೀವು ನನ್ನ ಬಿಡೂದಿಲ್ಲೇನ್ರಿ?”

ದ್ಯಾಮಪ್ಪ ಮೀಸೆ ನೀವಿಕೊಂಡು, ಚಕ್ಕಡಿ ಹೂಡಲು ಹೇಳಿದರು. ಬಳಿಕ ಬೀಗರತ್ತ ತಿರುಗಿದರು.

“ನಮ್ಮ ಸಿಕಂದರನ ಮಾತಿಗೆ ಕಳಸಾಕತ್ತೇನ್ರಿ. ನಿಮ್ಮ ಅಲೆಕ್ಸಾಂಡರನ ಮಾತಿಗಲ್ಲ.”